ಚುನಾವಣೆ ಪ್ರಚಾರದ ಕಾರ್ಡ್ ಆಟ: ನಮ್ಮ ಜಗಲಿಗೆ ಯಾವುದು ಹೊಂದುತ್ತದೆ?

ನಮ್ಮ ಮನೆ ಕೇರಳದ ಕಾಸರಗೋಡಿನ ಬದಿಯಡ್ಕದ ಹತ್ತಿರ. ಓಣಂ ರಜೆ, ದೀಪಾವಳಿ, ಎಪ್ರಿಲ್-ಮೇ ರಜೆ ಬಂತೆಂದರೆ ಜಗಲಿ ತುಂಬ ಜನ. ಮಂಗಳೂರಿನಲ್ಲಿ ಓದುವ ಮಕ್ಕಳು, ದುಬಾಯಿಯಿಂದ ರಜೆಗೆ ಬಂದ ಭಾವ, ಆಚೆಮನೆಯ ಬ್ಯಾರಿ ಗೆಳೆಯರು, ಮಲಯಾಳಂ ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗಿಯರು. ಊಟ ಆದ ಮೇಲೆ ಚಾಪೆ ಹಾಸಿ ಎಲೆ ಕಲಸುವುದು ನಮ್ಮಲ್ಲಿ ಹಳೇ ರೂಢಿ. ಈಚೆಗೆ ಕೆಲವು ವರ್ಷದಿಂದ ಇಸ್ಪೀಟಿನ ಜೊತೆಗೆ ಚುನಾವಣೆಯ ಆಟಗಳೂ ಸೇರಿವೆ. ಪಕ್ಷ ಕಟ್ಟುವುದು, ಭಾಷಣ ಮಾಡುವುದು, ಎದುರಾಳಿಯ ಮತ ಒಡೆಯುವುದು, ಕೊನೆಗೆ ಕೂತು ಎಣಿಸುವುದು. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಆಡಿಹೋದವರು ಆಮೇಲೆ ಫೋನ್ ಮಾಡುತ್ತಾರೆ: "ನಮ್ಮ ಮನೆಗೂ ಒಂದು ಬೇಕು, ಯಾವುದು ತಗೊಳ್ಳುವುದು?" ಅವರಿಗೆಲ್ಲ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನನ್ನ ಒಲವು ಮನೆಯಲ್ಲೇ ಮಾಡಿಕೊಂಡ ಕಾರ್ಡಿನ ಕಟ್ಟಿನ ಕಡೆಗೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎಲ್ಲ ಮನೆಗೂ ಅದೇ ಸರಿ ಅಂತ ಅಲ್ಲ. ಇಬ್ಬರೇ ಇದ್ದರೆ ಬೇರೆ ಆಟ, ಕಾಲೇಜು ಮಕ್ಕಳ ಗುಂಪಾದರೆ ಬೇರೆ ಆಟ.

ನಗು ಯಾರ ಮೇಲೆ ಬೀಳುತ್ತದೆ?

ಬೆಲೆ, ಸಮಯ, ಎಷ್ಟು ಜನ ಅನ್ನುವುದನ್ನೆಲ್ಲ ಆಮೇಲೆ ನೋಡೋಣ. ನಾನು ಮೊದಲು ನೋಡುವುದು ಇದನ್ನು: ಆಟದ ನಗು ಯಾರ ಮೇಲೆ ಬೀಳುತ್ತದೆ?

ನಮ್ಮ ಕಡೆ ಇದು ದೊಡ್ಡ ವಿಷಯ. ಕೇರಳದ ಮೊದಲ ವಿಧಾನಸಭೆ ಚುನಾವಣೆ ನಡೆದದ್ದು 1957ರಲ್ಲಿ. ಆಗ ಮಂಜೇಶ್ವರದಿಂದ ಎಂ. ಉಮೇಶ ರಾವ್ ಎದುರಾಳಿಯೇ ಇಲ್ಲದೆ ಗೆದ್ದಿದ್ದರು. ಅದೇ ಮಂಜೇಶ್ವರದಲ್ಲಿ 2016ರಲ್ಲಿ ಗೆಲುವಿನ ಅಂತರ ಬರೀ 89 ಮತ. 2021ರಲ್ಲಿ 745. 89 ಮತ ಅಂದರೆ ಒಂದು ಮದುವೆ ಮನೆಯಲ್ಲಿ ಎರಡು ಪಂಕ್ತಿಗೆ ಕೂರುವಷ್ಟು ಜನ. ಹೀಗಿರುವಾಗ ಪ್ರತಿ ಓಟೂ ಬಿಸಿ. ಒಂದೇ ಮನೆಯೊಳಗೆ ಎಡರಂಗದವರು, ಐಕ್ಯರಂಗದವರು, ಬಿಜೆಪಿಯವರು ಮೂವರೂ ಇರುತ್ತಾರೆ. ಆಟ ಮುಗಿದ ಮೇಲೆ ಅವರೆಲ್ಲ ಒಂದೇ ತಟ್ಟೆಯ ಗೋಳಿಬಜೆಗೆ ಕೈ ಹಾಕಬೇಕು, ಅಲ್ವಾ?

ಆದ್ದರಿಂದ ಒಬ್ಬ ನಾಯಕನ ಮುಖ, ಒಂದು ಪಕ್ಷದ ಚಿಹ್ನೆ, ಒಂದು ಜಾತಿ, ಒಂದು ಭಾಷೆ ಇಟ್ಟುಕೊಂಡು ನಗಿಸುವ ಕಾರ್ಡು ನಮ್ಮ ಜಗಲಿಗೆ ಬೇಡ. ಪ್ರಚಾರದ ಪಟ್ಟುಗಳನ್ನೇ ಹಿಡಿದು ನಗಿಸುವ ಆಟ ಬೇಕು. ಮೈಕು, ಜೀಪು, ಹಾರ, ಭರವಸೆ, ಫ್ಲೆಕ್ಸು. ಇವು ಎಲ್ಲ ಪಕ್ಷದವರಿಗೂ ಸೇರಿದ್ದು. ಅದಕ್ಕೆ ಎಲ್ಲರೂ ಒಟ್ಟಿಗೆ ನಗುತ್ತಾರೆ.

ಎರಡನೆಯದು ಭಾಷೆ. ಒಂದು ಸಲ ಇಂಗ್ಲಿಷಿನ ಒಂದು ಆಟ ಬಿಚ್ಚಿದ್ದೆವು. ಕಾರ್ಡು ತುಂಬ ಓದುವುದಿತ್ತು. ಮಕ್ಕಳು ಒಂದೊಂದನ್ನೂ ಕನ್ನಡಕ್ಕೆ ಮಾಡಿ ಹೇಳಿದರು. ನಾಲ್ಕನೇ ಕಾರ್ಡಿಗೆ ಅಮ್ಮ ಮೆಲ್ಲ ಎದ್ದು ಅಡುಗೆಮನೆಗೆ ಹೋದರು. ಅವರಿಗೆ ರಾಜಕೀಯ ಗೊತ್ತಿಲ್ಲ ಅಂತಲ್ಲ. ನಮ್ಮ ವಾರ್ಡಿನ ಯಾವ ಮನೆ ಯಾವ ಕಡೆ ಅಂತ ಬೆರಳ ತುದಿಯಲ್ಲಿ ಲೆಕ್ಕ ಹೇಳುತ್ತಾರೆ. ನಗು ಅವರ ಹತ್ತಿರ ತಲುಪುವಾಗ ತಣ್ಣಗಾಗಿತ್ತು, ಅಷ್ಟೇ. ಅವತ್ತಿನಿಂದ ಯಾವ ಆಟ ನೋಡಿದರೂ ನಾನು ಕೇಳುವ ಪ್ರಶ್ನೆ: ಇದನ್ನು ಅಮ್ಮ ಎದ್ದು ಹೋಗದೆ ಆಡುತ್ತಾರಾ?

ಶಾಸನ್: ಕಾಲೇಜು ಮಕ್ಕಳಿದ್ದರೆ

ನಮ್ಮ ದೇಶದಲ್ಲೇ ತಯಾರಾದ ಚುನಾವಣೆ ಆಟಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಶಾಸನ್. ಮುಂಬೈಯ ಮೀಮೆಸಿಸ್ ಕಲ್ಚರ್ ಲ್ಯಾಬ್ ಇದನ್ನು 2019ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಹಣ ಒಟ್ಟು ಮಾಡಿ ಹೊರತಂದಿತು. ಆಟ ಕಟ್ಟಿದವರು ಜೈನ್ ಮೇಮನ್. ಎರಡರಿಂದ ಐದು ಜನ ಆಡಬಹುದು.

ಇದರ ಚೆಂದ ಇರುವುದು ಪ್ರಶ್ನೆ ಕಾರ್ಡುಗಳಲ್ಲಿ. ನಿಮ್ಮ ಸರದಿ ಬಂದಾಗ ಇನ್ನೊಬ್ಬರು ಒಂದು ಪ್ರಶ್ನೆ ಓದುತ್ತಾರೆ. ದೇಶದಲ್ಲಿ ನಿಜವಾಗಿ ಜಗಳ ಎಬ್ಬಿಸುವಂಥ ಪ್ರಶ್ನೆ. ಎರಡು ಉತ್ತರದಲ್ಲಿ ಒಂದನ್ನು ನೀವು ಆರಿಸಬೇಕು. ಆರಿಸಿದ ಮೇಲೆಯೇ ಗೊತ್ತಾಗುವುದು, ಅದರಿಂದ ನಿಮಗೆ ಏನು ಸಿಕ್ಕಿತು ಅಂತ. ಹಣ, ವರ್ಚಸ್ಸು, ಮಾಧ್ಯಮ, ಜನರ ನಂಬಿಕೆ, ಹೀಗೆ ನಾಲ್ಕು ಬಗೆಯ ಬಂಡವಾಳ. ಅದನ್ನು ಕೊಟ್ಟು ಮತದಾರರನ್ನು ಸೆಳೆದು ಹಲಗೆಯ ಮೇಲಿನ ಒಂದೊಂದು ವಲಯದಲ್ಲಿ ಬಹುಮತ ಕಟ್ಟುತ್ತಾ ಹೋಗಬೇಕು. ಆಡುತ್ತಾ ಆಡುತ್ತಾ ನಿಮ್ಮ ಉತ್ತರಗಳೇ ನಿಮ್ಮನ್ನು ಒಂದು ಕಡೆಗೆ ಎಳೆಯುತ್ತವೆ. ನಾನು ಆದರ್ಶದವಳು ಅಂದುಕೊಂಡು ಕೂತವರ ಮುಂದೆ ಅರ್ಧ ಗಂಟೆಯಲ್ಲಿ ಹಣದ ರಾಶಿ ಇರುತ್ತದೆ.

ಮಂಗಳೂರಿನಲ್ಲಿ ಡಿಗ್ರಿ ಓದುವ ಹುಡುಗ ಹುಡುಗಿಯರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಆಟ ಮುಗಿದ ಮೇಲೂ ಒಂದು ಗಂಟೆ ಮಾತಾಡುತ್ತಾರೆ. ಆದರೆ ಇದು ನಗಿಸುವುದಕ್ಕಿಂತ ಕೆಣಕುವುದು ಜಾಸ್ತಿ. ಎರಡು ಗಂಟೆ ಬಿಡುವು ಬೇಕು. ಬೆಲೆ ಸಾವಿರಗಳ ಲೆಕ್ಕದಲ್ಲಿದೆ. ಕಾರ್ಡು ಇಂಗ್ಲಿಷಿನಲ್ಲಿವೆ. ಒಬ್ಬರು ಮೊದಲೇ ಓದಿಟ್ಟುಕೊಂಡು ಪ್ರಶ್ನೆಗಳನ್ನು ಕನ್ನಡದಲ್ಲೋ ಮಲಯಾಳದಲ್ಲೋ ಸಲೀಸಾಗಿ ಹೇಳುವ ಹಾಗಿದ್ದರೆ ಮಾತ್ರ ದೊಡ್ಡವರನ್ನೂ ಕೂರಿಸಿ. ಚುನಾವಣೆ ವಾರದಲ್ಲಂತೂ ಇದನ್ನು ತೆಗೆಯಬೇಡಿ ಅಂತ ನನ್ನ ಸಲಹೆ. ಪ್ರಶ್ನೆಗಳು ನಿಜ ಜೀವನಕ್ಕೆ ತುಂಬ ಹತ್ತಿರ.

ಹೊರದೇಶದ ಉದ್ದ ಆಟಗಳು

ಚುನಾವಣೆ ಆಟ ಅಂತ ಹುಡುಕಿದರೆ ಸಿಗುವ ಎರಡು ಹೆಸರು ಡೀ ಮಾಹರ್ ಮತ್ತು 1960. ಮೊದಲನೆಯದು ಜರ್ಮನಿಯದು, 1986ರಲ್ಲಿ ಕಾರ್ಲ್-ಹೈನ್ಸ್ ಶ್ಮೀಲ್ ಕಟ್ಟಿದ್ದು. ಅಲ್ಲಿನ ರಾಜ್ಯ ಚುನಾವಣೆಗಳನ್ನು ಒಂದರ ಹಿಂದೆ ಒಂದು ಆಡುತ್ತಾ ಹೋಗಬೇಕು. ಪಕ್ಷದ ಧೋರಣೆ, ಮಾಧ್ಯಮ, ಜನಾಭಿಪ್ರಾಯದ ಸಮೀಕ್ಷೆ, ಮೈತ್ರಿ ಎಲ್ಲ ಇದೆ. ಮೂರರಿಂದ ಐದು ಜನ, ಸುಮಾರು ನಾಲ್ಕು ಗಂಟೆ. ಎರಡನೆಯದು ಕೆನಡಿ ಮತ್ತು ನಿಕ್ಸನ್ ನಡುವಿನ ಅಮೆರಿಕದ ಚುನಾವಣೆ. ಅದು ಬಂದದ್ದು 2007ರಲ್ಲಿ, ಇಬ್ಬರಿಗೆ ಮಾತ್ರ. ಎರಡೂ ತುಂಬ ಒಳ್ಳೆಯ ಆಟಗಳು. ಚದುರಂಗ ಇಷ್ಟಪಡುವ ಇಬ್ಬರು ಅಣ್ಣತಮ್ಮಂದಿರು ಮಳೆಗಾಲದ ಭಾನುವಾರ ಕೂರುವುದಾದರೆ 1960 ತಗೊಳ್ಳಿ. ನಗಬೇಕು ಅಂತ ಇದ್ದರೆ ಇವೆರಡೂ ಬೇಡ.

ಕೂ: ಹದಿನೈದು ನಿಮಿಷದ ಸುಳ್ಳು

ಕೂ (Coup) ಅನ್ನುವುದು ಪುಟ್ಟ ಪೆಟ್ಟಿಗೆಯ ಆಟ. 2012ರಲ್ಲಿ ಬಂತು. ಚುನಾವಣೆ ಇದರಲ್ಲಿಲ್ಲ, ಅಧಿಕಾರದ ಕಿತ್ತಾಟ ಮಾತ್ರ. ಆದರೂ ಪ್ರಚಾರದ ಒಂದು ಮುಖ ಇದರಲ್ಲಿ ಚೆನ್ನಾಗಿ ಕಾಣಿಸುತ್ತದೆ. ಇಲ್ಲದ್ದನ್ನು ಇದೆ ಅಂತ ಮುಖ ಗಟ್ಟಿ ಮಾಡಿಕೊಂಡು ಹೇಳುವುದು. ಪ್ರತಿಯೊಬ್ಬರ ಮುಂದೆ ಎರಡು ಕಾರ್ಡು ಕವುಚಿ ಇರುತ್ತವೆ. ಪಾತ್ರಗಳು ಐದೇ. ನಿಮ್ಮ ಹತ್ತಿರ ಆ ಪಾತ್ರ ಇರಲಿ ಬಿಡಲಿ, ಇದೆ ಅಂತ ಹೇಳಿ ಅದರ ಕೆಲಸ ಮಾಡಬಹುದು. ಯಾರಾದರೂ "ತೋರಿಸು" ಅಂದರೆ ತೋರಿಸಬೇಕು. ಸಿಕ್ಕಿಬಿದ್ದರೆ ಒಂದು ಕಾರ್ಡು ಹೋಯಿತು. ಹೇಳಿದ ಪಾತ್ರ ನಿಜವಾಗಿ ಇದ್ದರೆ ಸಂಶಯಪಟ್ಟವರದ್ದು ಒಂದು ಹೋಯಿತು.

ಆಟದಲ್ಲಿ ಓದುವುದು ಹೆಚ್ಚುಕಡಿಮೆ ಏನೂ ಇಲ್ಲ. ಐದು ಪಾತ್ರದ ಕೆಲಸ ಬಾಯಿಪಾಠ ಮಾಡಿದರೆ ಆಯಿತು. ನಮ್ಮಲ್ಲಿ ಮಕ್ಕಳು ಡ್ಯೂಕನನ್ನು ಪಟೇಲ ಅಂತ, ಕ್ಯಾಪ್ಟನ್‌ನನ್ನು ಬ್ರೋಕರ್ ಅಂತ ಕರೆಯುತ್ತಾರೆ. ಎರಡರಿಂದ ಆರು ಜನ, ಹದಿನೈದು ನಿಮಿಷ. ಬಸ್ಸಿಗೆ ಕಾಯುವಾಗ, ಮದುವೆ ಮನೆಯ ಮಹಡಿಯಲ್ಲಿ, ರೈಲಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಒಂದು ತೊಂದರೆ ಏನೆಂದರೆ, ಎರಡೂ ಕಾರ್ಡು ಕಳಕೊಂಡವರು ಹೊರಗೆ ಕೂರಬೇಕು. ಚಿಕ್ಕ ಮಕ್ಕಳಿಗೆ ಅದು ಬೇಜಾರು.

ಮನೆಯಲ್ಲೇ ಇರುವ ಇಸ್ಪೀಟು: ಇಪ್ಪತ್ತೆಂಟು

ದುಡ್ಡು ಖರ್ಚು ಮಾಡಬೇಕು ಅಂತಲೇ ಇಲ್ಲ. ನಮ್ಮೂರಲ್ಲಿ ಇಪ್ಪತ್ತೆಂಟು ಆಡದ ಮನೆ ಎಷ್ಟಿವೆ? ಏಳರಿಂದ ಎಕ್ಕದವರೆಗಿನ 32 ಎಲೆ, ನಾಲ್ಕು ಜನ, ಎದುರುಬದುರು ಕೂತವರು ಜೊತೆ. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಒಂದು ಬಣ್ಣಕ್ಕೆ ಏಳು, ನಾಲ್ಕು ಬಣ್ಣಕ್ಕೆ 28. ರಾಜನಿಗೂ ರಾಣಿಗೂ ಸೊನ್ನೆ. ಗುಲಾಮನೇ ಎಲ್ಲರಿಗಿಂತ ಮೇಲೆ. ಚುನಾವಣೆಗೆ ಇದಕ್ಕಿಂತ ಹೊಂದುವ ಆಟ ಯಾವುದಿದೆ ಹೇಳಿ.

ಇದನ್ನು ಪ್ರಚಾರದ ಆಟ ಮಾಡಿಕೊಳ್ಳುವುದು ಸುಲಭ. ಮೊದಲ ನಾಲ್ಕು ಎಲೆ ಹಂಚಿದ ಮೇಲೆ ಎಷ್ಟು ಅಂಕ ಮಾಡುತ್ತೇವೆ ಅಂತ ಕೂಗುವುದು ಇದೆಯಲ್ಲ, ಅಲ್ಲಿ ಒಂದು ನಿಯಮ ಸೇರಿಸಿ. ಪ್ರತಿ ಕೂಗಿನ ಜೊತೆಗೆ ಒಂದು ಭರವಸೆ ಕೊಡಬೇಕು. ಮೊದಲಿನವರು ಕೊಟ್ಟದ್ದನ್ನೂ ಸೇರಿಸಿ ಹೇಳಬೇಕು. ಹದಿನಾಲ್ಕಕ್ಕೆ ಒಂದು ಕಾಲುಸಂಕ. ಹದಿನೈದಕ್ಕೆ ಕಾಲುಸಂಕ, ಮತ್ತೆ ರಾತ್ರಿ ಒಂಬತ್ತಕ್ಕೂ ಬಸ್ಸು. ಹದಿನಾರಕ್ಕೆ ಕಾಲುಸಂಕ, ರಾತ್ರಿ ಬಸ್ಸು, ಅಡಿಕೆಗೆ ರೇಟು. ಇಪ್ಪತ್ತು ಮುಟ್ಟುವಾಗ ಭರವಸೆ ಏಳಾಗಿರುತ್ತದೆ. ಕೂಗಿದವರು ಗೆದ್ದರೆ ಸರಿ. ಸೋತರೆ ಎದುರಿನ ಜೊತೆ ಎದ್ದು ನಿಂತು ಏಳೂ ಭರವಸೆಗಳನ್ನು ಒಂದೊಂದಾಗಿ ಕೇಳುತ್ತದೆ: "ಕಾಲುಸಂಕ ಎಲ್ಲಿ? ಬಸ್ಸು ಎಲ್ಲಿ?" ಪ್ರತಿ ಪ್ರಶ್ನೆಗೂ ಒಂದು ಹೊಸ ನೆಪ ಹೇಳಬೇಕು. ಕಳೆದ ದೀಪಾವಳಿಗೆ ಭಾವ ಏಳು ನೆಪ ಹೇಳಿದ್ದನ್ನು ಮಕ್ಕಳು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಕವುಚಿಟ್ಟ ತುರುಫು, ಅಂದರೆ ಬೇರೆ ಬಣ್ಣಗಳನ್ನು ಹೊಡೆಯುವ ಬಣ್ಣ, ಅದು ಕೂಡ ಸುಮಾರಾಗಿ ಪ್ರಚಾರದ ಹಾಗೆಯೇ. ಕೂಗಿ ಗೆದ್ದವರಿಗೆ ಮಾತ್ರ ಗೊತ್ತು, ಯಾವ ಬಣ್ಣ ಅಂತ. ಬೇರೆಯವರು ಅವರು ಹಾಕುವ ಎಲೆ ನೋಡಿ ಊಹಿಸಬೇಕು. ಎಲೆಯಾಟ ಬಲ್ಲ ನಾಲ್ಕು ಜನ ಇದ್ದರೆ ಇದನ್ನೇ ಆಡಿ. ದುಡ್ಡು ಮಾತ್ರ ಇಡಬೇಡಿ. ದುಡ್ಡು ಬಂದಲ್ಲಿ ಹೆಂಗಸರೂ ಮಕ್ಕಳೂ ದೂರ ಸರಿಯುತ್ತಾರೆ.

ನಾಲ್ಕೇ ಜನಕ್ಕೆ ಆಗುವುದು ಇದರ ಮಿತಿ. ಎಲೆಯಾಟ ಗೊತ್ತಿಲ್ಲದವರಿಗೆ ಒಂದೇ ದಿನದಲ್ಲಿ ಕಲಿಸಲಿಕ್ಕೂ ಆಗುವುದಿಲ್ಲ.

ಮನೆಯಲ್ಲೇ ಮಾಡುವ ಕಟ್ಟು

ಇದಕ್ಕೆ ನಾನು ಜಾಸ್ತಿ ಜಾಗ ಕೊಡುತ್ತೇನೆ. ಅಂಗಡಿಯಲ್ಲಿ ಸಿಗದ ಕಾರಣ ಇದನ್ನು ವಿವರಿಸಿ ಹೇಳಲೇಬೇಕು.

ಬೇಕಾದದ್ದು ಹಳೇ ಮದುವೆ ಕಾಗದ. ದಪ್ಪದ್ದು, ಒಂದು ಕಡೆ ಖಾಲಿ ಇರುವಂಥದ್ದು. ಒಂದೇ ಅಳತೆಗೆ 60 ತುಂಡು ಮಾಡಿ. ಹಿಂಭಾಗದ ಬಣ್ಣ ಬೇರೆ ಬೇರೆ ಇದ್ದರೆ ಗುರುತು ಸಿಕ್ಕಿಬಿಡುತ್ತದೆ, ಹಾಗಾಗಿ ಹಿಂದೆ ಕ್ಯಾಲೆಂಡರಿನ ಹಾಳೆ ಅಂಟಿಸಿ. ಮೈದಾ ಅಂಟೇ ಸಾಕು. ಪೋಸ್ಟರಿಗೂ ಅದನ್ನೇ ಹಚ್ಚುವುದಲ್ವಾ.

ಇಪ್ಪತ್ತು ಕಾರ್ಡು ಮತದಾರರದ್ದು. ಒಂದೊಂದರ ಮೇಲೂ ಒಂದು ಮನೆ ಅಥವಾ ಗುಂಪು ಬರೆಯಿರಿ: ಅಡಿಕೆ ತೋಟದವರು, ಬೀಡಿ ಕಟ್ಟುವವರು, ಮೀನಿಗೆ ಹೋಗುವವರು, ಗಲ್ಫಿನಿಂದ ರಜೆಗೆ ಬಂದವರು, ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು, ಬಸ್‌ಸ್ಟ್ಯಾಂಡಿನ ರಿಕ್ಷಾದವರು, ಮೊದಲ ಸಲ ಓಟು ಹಾಕುವ ಹದಿನೆಂಟು ವರ್ಷದವರು. ಒಂದರಿಂದ ಐದರವರೆಗೆ ಮತದ ಸಂಖ್ಯೆ ಕೊಡಿ, ಪ್ರತಿ ಸಂಖ್ಯೆಗೆ ನಾಲ್ಕು ಕಾರ್ಡು. ಒಟ್ಟು 60 ಮತ ಆಯಿತು. ಜಾತಿ, ಧರ್ಮದ ಹೆಸರಿನಲ್ಲಿ ಕಾರ್ಡು ಮಾಡಬೇಡಿ. ಕೆಲಸದ ಹೆಸರಿನಲ್ಲಿ ಮಾಡಿ.

ಮೂವತ್ತು ಕಾರ್ಡು ಪ್ರಚಾರದ್ದು. ಇದರ ಮೇಲೆ ಒಂದರಿಂದ ನಾಲ್ಕು ಅಂಕ. ಕೇರಳದಲ್ಲಿದ್ದವರಿಗೆ ಇದನ್ನು ಯೋಚಿಸಬೇಕಾಗಿಯೇ ಇಲ್ಲ. ಚುನಾವಣೆಗೆ ತಿಂಗಳುಗಟ್ಟಲೆ ಮೊದಲೇ 'ಬುಕ್ಡ್' ಅಂತ ಬರೆದಿಟ್ಟ ಗೋಡೆ, ಮನೆ ಮನೆಗೆ ಹೋಗುವ ಸ್ಕ್ವಾಡು, ಜಂಕ್ಷನ್ನಿನಲ್ಲಿ ಹಾರ ಹಾಕುವ ಸ್ವೀಕರಣ, ಮಾಪ್ಪಿಳ ಪಾಟಿನ ಧಾಟಿಗೆ ಕಟ್ಟಿದ ಪ್ಯಾರಡಿ, ಮೈಕಿನ ಜೀಪು. ನಮ್ಮ ಕಡೆಯದ್ದು ಅಂತ ಒಂದು ಕಾರ್ಡು ಇರಲೇಬೇಕು: ಒಂದೇ ನೋಟೀಸು ಕನ್ನಡದಲ್ಲೂ ಮಲಯಾಳದಲ್ಲೂ. ನಮ್ಮ ಕಟ್ಟಿನಲ್ಲಿ ಅದಕ್ಕೆ ನಾಲ್ಕು ಅಂಕ.

ಉಳಿದ ಹತ್ತು ಕೀಟಲೆ ಕಾರ್ಡು. ಅಪರನ್ ಮೂರು, ಕರೆಂಟು ಹೋಯಿತು ಮೂರು, ಬಂಡಾಯ ಎರಡು, ಮಳೆ ಎರಡು.

ಅಪರನ್ ಅಂದರೆ ಅದೇ ಹೆಸರಿನ ಇನ್ನೊಬ್ಬ ಅಭ್ಯರ್ಥಿ. ಗಡಿಯ ಆಚೆಗಿನ ಕನ್ನಡದವರಿಗೆ ಈ ಮಾತು ಹೊಸದಿರಬಹುದು, ಕೇರಳದಲ್ಲಿ ಮಕ್ಕಳಿಗೂ ಗೊತ್ತು. 2004ರ ಲೋಕಸಭೆ ಚುನಾವಣೆಯಲ್ಲಿ ಆಲಪ್ಪುಳದಲ್ಲಿ ಕಾಂಗ್ರೆಸ್ಸಿನ ವಿ.ಎಂ. ಸುಧೀರನ್ ಸೋತದ್ದು 1009 ಮತದಿಂದ. ಅದೇ ಹೆಸರಿನ ಇನ್ನೊಬ್ಬ ಅಭ್ಯರ್ಥಿಗೆ ಬಿದ್ದದ್ದು ಎಂಟು ಸಾವಿರಕ್ಕೂ ಹೆಚ್ಚು. 2015ರಿಂದ ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೋ ಹಾಕುತ್ತಿರುವುದು ಇಂಥ ಗೊಂದಲ ಬೇಡ ಅಂತಲೇ. ಆಟದಲ್ಲಿ ಅಪರನ್ ಬಿದ್ದರೆ ಎದುರಾಳಿಯ ಅಂಕದಲ್ಲಿ ಎರಡು ಹೋಯಿತು. ಆದರೆ ಸುಮ್ಮನೆ ಹಾಕುವ ಹಾಗಿಲ್ಲ, ಆ ಅಪರನ ಹೆಸರು ಹೇಳಬೇಕು. ಒಮ್ಮೆ ಅಕ್ಕನ ಮಗ 'ಮುಟ್ಟಾಳೆ ಮಾಮ' (ಮುಟ್ಟಾಳೆ ಅಂದರೆ ಅಡಿಕೆ ಹಾಳೆಯ ಟೊಪ್ಪಿ) ಅಂತ ಹೆಸರಿಟ್ಟುಕೊಂಡು ನಿಂತಿದ್ದ. ಎರಡು ಸುತ್ತು ಅವನದ್ದೇ ಗೆಲುವು. ಮೂರನೇ ಸುತ್ತಿಗೆ ಅಜ್ಜಿ ಅಪರನ್ ಹಾಕಿದರು. "ಇವ ಮಾಮ ಅಲ್ಲ ಮಗಾ, ಮುಟ್ಟಾಳೆ ಮಾವ" ಅಂದರು. ಒಂದೇ ಅಕ್ಷರ. ಅಷ್ಟಕ್ಕೇ ಅವನ ಗಲ್ಫ್ ಮತ ಐದೂ ಹೋದವು.

ಕರೆಂಟು ಹೋಯಿತು ಅಂದರೆ ಎದುರಾಳಿಯ ಮೈಕು ಸತ್ತಿತು. ಅವರು ಉಳಿದ ಭಾಷಣವನ್ನು ಕೈಸನ್ನೆಯಲ್ಲಿ ಮುಗಿಸಬೇಕು. ಬಂಡಾಯ ಬಿದ್ದರೆ ಎದುರಾಳಿಯ ಕೈಯಿಂದ ನೋಡದೆ ಒಂದು ಕಾರ್ಡು ಎಳೆದುಕೊಳ್ಳಿ. ಮಳೆ ಬಂದರೆ ಆ ಸುತ್ತಿನಲ್ಲಿ ಎಲ್ಲರ ಅಂಕವೂ ಸಮಸಮ.

ಆಡುವ ಕ್ರಮ ಹೀಗೆ. ಪ್ರಚಾರ ಮತ್ತು ಕೀಟಲೆ ಕಾರ್ಡು ಒಟ್ಟಿಗೆ ಕಲಸಿ ತಲಾ ಐದು ಹಂಚಿ. ಒಂದೊಂದು ಸುತ್ತಿಗೆ ಎರಡು ಮತದಾರರ ಕಾರ್ಡು ನಡುವೆ ತೆರೆಯಿರಿ. ಪ್ರತಿಯೊಬ್ಬರೂ ಒಂದು ಪ್ರಚಾರದ ಕಾರ್ಡನ್ನು ಕವುಚಿ ಇಟ್ಟು, ಆ ಮತದಾರರಿಗೆ ಅರ್ಧ ನಿಮಿಷ ಭಾಷಣ ಮಾಡಬೇಕು. ಯಾವ ಭಾಷೆಯಲ್ಲಿ ಬೇಕಾದರೂ. ಎಲ್ಲರ ಭಾಷಣ ಮುಗಿದ ಮೇಲೆ ಒಂದು, ಎರಡು, ಮೂರು ಅಂದಾಗ ಚೆಂದ ಮಾತಾಡಿದವರ ಕಡೆ ಬೆರಳು ತೋರಿಸಬೇಕು, ತನ್ನ ಕಡೆ ಅಲ್ಲ. ಹೆಚ್ಚು ಬೆರಳು ಬಿದ್ದವರಿಗೆ ಒಂದು ಅಂಕ ಜಾಸ್ತಿ. ಆಮೇಲೆ ಕಾರ್ಡು ಮಗುಚಿ. ಹೆಚ್ಚು ಅಂಕದವರು ಬೇಕಾದ ಮತದಾರರನ್ನು ಎತ್ತಿಕೊಳ್ಳುತ್ತಾರೆ, ಎರಡನೆಯವರಿಗೆ ಉಳಿದದ್ದು. ಸಮ ಬಂದರೆ ಚೀಟಿ ಎತ್ತಿ. ನಿಜವಾದ ಎಣಿಕೆಯಲ್ಲೂ ಕಾನೂನು ಹೇಳುವುದು ಅದನ್ನೇ. ಕೈಯಲ್ಲಿ ಮತ್ತೆ ಐದು ಮಾಡಿಕೊಂಡು ಮುಂದಿನ ಸುತ್ತು. ಹಂಚಿ ಉಳಿದ ರಾಶಿ ಖಾಲಿ ಆದರೆ ಆಡಿದ ಕಾರ್ಡುಗಳನ್ನು ಕಲಸಿ ಮತ್ತೆ ಇಡಿ. ಹತ್ತು ಸುತ್ತಿಗೆ ಆಟ ಮುಗಿಯುತ್ತದೆ, ಹೆಚ್ಚುಕಡಿಮೆ ಮುಕ್ಕಾಲು ಗಂಟೆ.

ಎಂಟನೇ ಸುತ್ತು ಮುಗಿದಾಗ ಕೊಟ್ಟಿಕಲಾಶಂ. ಒಂದು ನಿಮಿಷ ಎಲ್ಲರೂ ಒಟ್ಟಿಗೆ ಕೂಗಬಹುದು, ತಟ್ಟೆ ಬಡಿಯಬಹುದು, ಕುಣಿಯಬಹುದು. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲು ಪ್ರಚಾರ ನಿಲ್ಲಬೇಕಲ್ಲ, ಅದಕ್ಕೆ ಮೊದಲಿನ ಗಲಾಟೆ ಇದು. ಆಮೇಲಿನ ಎರಡು ಸುತ್ತು, ಅಂದರೆ ಆ ಎರಡು ದಿನ, ಒಂದೇ ಒಂದು ಮಾತೂ ಆಡುವ ಹಾಗಿಲ್ಲ. ಭಾಷಣ ಬರೀ ಕೈಸನ್ನೆಯಲ್ಲಿ.

ಈ ಮೌನದ ಸುತ್ತನ್ನು ದಯವಿಟ್ಟು ಬಿಡಬೇಡಿ. ಅಮ್ಮ ಭಾಷಣದ ಸುತ್ತುಗಳಲ್ಲಿ ಹೆಚ್ಚು ಮಾತಾಡಿರಲಿಲ್ಲ. "ಓಟು ಕೊಡಿ ಮಾರಾಯ್ರೇ" ಅಂತ ಹೇಳಿ ಕೂತುಬಿಡುತ್ತಿದ್ದರು. ಒಂಬತ್ತನೇ ಸುತ್ತಿನಲ್ಲಿ ಬೀಡಿ ಕಟ್ಟುವವರ ಕಾರ್ಡು ತೆರೆಯಿತು, ಐದು ಮತದ್ದು. ಅಮ್ಮ ಮಡಿಲ ಮೇಲೆ ಇಲ್ಲದ ಗೆರಸೆ ಇಟ್ಟುಕೊಂಡರು. ಎಲೆಯೊಂದನ್ನು ಎತ್ತಿ ಕತ್ತರಿಯಲ್ಲಿ ನಾಲ್ಕು ಬದಿ ಕತ್ತರಿಸಿದರು. ಹುಡಿ ಚಿಟಿಕೆ ತೆಗೆದು ಉದ್ದಕ್ಕೆ ಹಾಕಿದರು. ಎರಡು ಕೈಯ ಹೆಬ್ಬೆರಳಿನಲ್ಲಿ ಸುತ್ತಿ, ತುದಿಯನ್ನು ಉಗುರಿನಲ್ಲಿ ಒಳಗೆ ಮಡಚಿ, ನೂಲು ಸುತ್ತಿ ಹಲ್ಲಿನಲ್ಲಿ ಕಡಿದರು. ಮತ್ತೊಂದು. ಮತ್ತೊಂದು. ಆಮೇಲೆ ಬೆನ್ನಿಗೆ ಕೈ ಇಟ್ಟು ಎದ್ದು ನಿಂತು, ನಮ್ಮ ಕಡೆ ನೋಡಿ ಅಂಗೈ ಚಾಚಿದರು. ಮದುವೆಗೆ ಮೊದಲು ಅವರು ಬೀಡಿ ಕಟ್ಟುತ್ತಿದ್ದರು ಅಂತ ಮೊಮ್ಮಕ್ಕಳಿಗೆ ಗೊತ್ತೇ ಇರಲಿಲ್ಲ. ಎಲ್ಲ ಬೆರಳೂ ಅವರ ಕಡೆಗೇ ಹೋದವು.

ನಾನು ಈ ಕಟ್ಟಿನ ಪರ ಮಾತಾಡುವುದು ಇಂಥದ್ದಕ್ಕಾಗಿ. ಮತದಾರರ ಕಾರ್ಡಿನಲ್ಲಿ ನಮ್ಮವರೇ ಇದ್ದಾಗ ಆಡುವವರ ಒಳಗಿಂದ ಏನೇನೋ ಹೊರಗೆ ಬರುತ್ತದೆ. ಆಚೆಮನೆಯ ಗೆಳೆಯ ಬ್ಯಾರಿಯಲ್ಲಿ ಶುರು ಮಾಡಿ ತುಳುವಿಗೆ ಹಾರಿ "ಓಟು ಎಂಕೇ ಕೊರೊಡು" ಅಂತ ಮುಗಿಸುತ್ತಾನೆ. ಪಕ್ಕದ ಮನೆಯ ಹುಡುಗಿ ಮಲಯಾಳದಲ್ಲಿ ಪ್ಯಾರಡಿ ಹಾಡುತ್ತಾಳೆ. ಯಾರೂ ಯಾರಿಗೂ ತರ್ಜುಮೆ ಮಾಡಬೇಕಾಗಿಲ್ಲ.

ಎಣಿಸುವಾಗ ಇನ್ನೊಂದು ನಿಯಮ. ವಿಧಾನಸಭೆಗೆ ನಿಲ್ಲುವವರು 10,000 ರೂಪಾಯಿ ಠೇವಣಿ ಇಡಬೇಕು, ಪರಿಶಿಷ್ಟರಿಗೆ ಅದರ ಅರ್ಧ. ಚಲಾವಣೆಯಾದ ಮತದಲ್ಲಿ ಆರರಲ್ಲೊಂದು ಪಾಲಿಗಿಂತ ಜಾಸ್ತಿ ಬರದೆ ಸೋತರೆ ಠೇವಣಿ ಹೋಯಿತು. ನಮ್ಮ ಆಟದಲ್ಲಿ 60 ಮತ, ಆರರಲ್ಲೊಂದು ಅಂದರೆ ಹತ್ತು. ಹತ್ತು ಅಥವಾ ಅದಕ್ಕಿಂತ ಕಡಿಮೆ ಬಂದವರು ಎಲ್ಲರಿಗೂ ಚಾ ಮಾಡಬೇಕು. ಆರು ಜನ ಆಡಿದರೆ ಅರ್ಧಕ್ಕರ್ಧ ಜನ ಅಡುಗೆಮನೆಯಲ್ಲಿರುತ್ತಾರೆ. ಹಾಗಾಗಿ ನಾಲ್ಕೋ ಐದೋ ಜನ ಸರಿ. ಜಾಸ್ತಿ ಜನ ಇದ್ದರೆ ಇಬ್ಬಿಬ್ಬರು ಸೇರಿ ಒಂದು ಪಕ್ಷ ಮಾಡಿ, ಒಬ್ಬರು ಅಭ್ಯರ್ಥಿ, ಇನ್ನೊಬ್ಬರು ಏಜೆಂಟ್.

ಒಂದು ಮತಕ್ಕೆ ಸೋತವರು ಕೊರಗಿದರೆ ಮಕ್ಕಳಿಗೆ ಕರ್ನಾಟಕದ ಸಂತೆಮರಹಳ್ಳಿ ಕ್ಷೇತ್ರದ ಕಥೆ ಹೇಳಿ. 2004ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಇದನ್ನು ಕೇಳಿದ ಮೇಲೆ ನಮ್ಮಲ್ಲಿ ಒಂದು ಮತದ ಕಾರ್ಡಿಗೂ ಜಗಳ ಶುರುವಾಗಿದೆ.

ಯಾರಿಗೆ ಯಾವುದು

ಶಾಲೆಯಲ್ಲಿ ಆಡಿಸುವ ಅಧ್ಯಾಪಕರು ಮನೆಯಲ್ಲೇ ಮಾಡುವ ಕಟ್ಟನ್ನೇ ಆರಿಸಿ, ಕಾರ್ಡು ಮಕ್ಕಳ ಕೈಯಿಂದಲೇ ಬರೆಸಿ. ಅಪರನ್, ಠೇವಣಿ, 48 ಗಂಟೆ, ಇವೆಲ್ಲ ಪಾಠ ಮಾಡದೆಯೇ ತಲೆಗೆ ಹತ್ತುತ್ತವೆ. ಆಟದ ಕೊನೆಗೆ ಎಡಗೈ ತೋರುಬೆರಳಿಗೆ ಪೆನ್ನಿನಲ್ಲಿ ಒಂದು ಗೆರೆ ಎಳೆದು, ನಿಜವಾದ ಶಾಯಿ 1962ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದೆ ಅಂತ ಹೇಳಿ. ನಮ್ಮ ಮಕ್ಕಳು ಕೈ ತೊಳೆಯಲಿಕ್ಕೇ ಒಪ್ಪಲಿಲ್ಲ.

ವಾಚನಾಲಯದಲ್ಲಿ ಸೇರುವ ಯುವಕ ಯುವತಿಯರಿಗೆ, ಹಣ ಹೊಂದಿಸಲಿಕ್ಕೆ ಆದರೆ, ಶಾಸನ್. ಹತ್ತು ಮಂದಿ ಪಾಲು ಹಾಕಿದರೆ ಭಾರ ಆಗುವುದಿಲ್ಲ, ಕಪಾಟಿನಲ್ಲಿ ಇದ್ದರೆ ಎಲ್ಲರಿಗೂ ಸಿಗುತ್ತದೆ. ಪ್ರಯಾಣಕ್ಕೆ ಕೂ. ಎಲೆಯಾಟದ ಹಳಬರು ನಾಲ್ವರು ಕೂತರೆ ಭರವಸೆಯ ಇಪ್ಪತ್ತೆಂಟು.

ಅಜ್ಜಿ, ಮೊಮ್ಮಕ್ಕಳು, ನೆರೆಮನೆಯವರು ಎಲ್ಲ ಇರುವ ಜಗಲಿಗಾದರೆ ಮದುವೆ ಕಾಗದದ ಕಟ್ಟೇ. ಒಂದು ಮಧ್ಯಾಹ್ನ ಬರೆಯಲಿಕ್ಕೆ ಹೋಗುತ್ತದೆ, ಹೋಗಲಿ. ಬರೆಯುವಾಗಲೇ ಅರ್ಧ ನಗು ಮುಗಿದಿರುತ್ತದೆ.

ಕಾರ್ಡಿನ ಮೇಲೆ ಕನ್ನಡ ದೊಡ್ಡದಾಗಿ, ಕೆಳಗೆ ಮಲಯಾಳ, ಮೂಲೆಯಲ್ಲಿ ಒಂದು ಪುಟ್ಟ ಚಿತ್ರ ಇರಲಿ. ಓದಲು ಬಾರದ ಚಿಕ್ಕವರೂ ಚಿತ್ರ ನೋಡಿ ಆಡುತ್ತಾರೆ. ಜೂನ್ ಜುಲೈಯಲ್ಲಿ ನಮ್ಮ ಕಡೆಯ ಮಳೆಗೆ ಕಾಗದ ಉಬ್ಬಿ ಅಂಚು ಬಿಟ್ಟುಕೊಳ್ಳುತ್ತದೆ. ಬಿಸ್ಕೆಟಿನ ತಗಡಿನ ಡಬ್ಬದಲ್ಲಿ, ಒಂದು ಬಟ್ಟೆಗಂಟಿನಲ್ಲಿ ಹುರಿದ ಅಕ್ಕಿ ಕಟ್ಟಿಟ್ಟು ಮುಚ್ಚಿಡಿ. ಜೊತೆಗೆ ಹತ್ತು ಖಾಲಿ ಕಾರ್ಡೂ ಇರಲಿ, ಪ್ರತಿ ರಜೆಗೂ ಹೊಸ ಮತದಾರರು ಸೇರುತ್ತಾರೆ. ಈ ಓಣಂಗೆ ಪಕ್ಕದ ಮನೆಯ ಹುಡುಗಿ ಒಂದು ಖಾಲಿ ಕಾರ್ಡು ಕೇಳಿ ಮಲಯಾಳದಲ್ಲಿ 'ಬಸ್ಸು ತಪ್ಪಿದ ಮಕ್ಕಳು' ಅಂತ ಬರೆದಳು. ಅದರ ಮೇಲೆ ಕನ್ನಡದಲ್ಲಿ ಬರೆದು ಮತ ಐದು ಅಂತ ಹಾಕಿದ್ದು ಅಮ್ಮ.